ಕಿತ್ತಷ್ಟೂ ಬರುವ ಉಣ್ಣಿ: ನಾಯಿ ಸಾಕಿದವರ ಪ್ರಶ್ನೆ, ಪಶುವೈದ್ಯೆಯ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಜಾಸ್ತಿ ಪಾಲು ಉಣ್ಣಿಯದ್ದೇ. ಹಾಗಾಗಿ ಬೇರೆ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟು, ಅಂಕಣದ ಪೂರ್ತಿ ಜಾಗವನ್ನು ಇದಕ್ಕೇ ಕೊಟ್ಟಿದ್ದೇನೆ. ಒಂದೇ ಥರದ ಪತ್ರಗಳನ್ನು ಸೇರಿಸಿ ಒಂದು ಪ್ರಶ್ನೆ ಮಾಡಿದ್ದೇನೆ. ನಿಮ್ಮ ಹೆಸರು ಕಾಣದಿದ್ದರೂ ನಿಮ್ಮ ಪ್ರಶ್ನೆ ಇಲ್ಲಿ ಎಲ್ಲೋ ಇದ್ದೇ ಇರುತ್ತದೆ.

ಪ್ರಶ್ನೆ: ಮೇಡಂ, ನಮ್ಮ ಬ್ರೂನೋಗೆ ಮೂರು ವರ್ಷ. ದಿನಾ ಸಂಜೆ ಕೂತು ಉಣ್ಣಿ ಕೀಳುತ್ತೇವೆ. ವಾರಕ್ಕೊಮ್ಮೆ ಉಣ್ಣಿ ಶಾಂಪೂ ಹಾಕಿ ಸ್ನಾನ ಮಾಡಿಸುತ್ತೇವೆ. ಎರಡು ದಿನ ಕಡಿಮೆಯಾದ ಹಾಗೆ ಕಾಣುತ್ತದೆ, ಆಮೇಲೆ ಮತ್ತೆ ಅಷ್ಟೇ. ಈಗ ಗೋಡೆ ಮೇಲೂ ಹರಿದಾಡುತ್ತಿವೆ. ಅವನು ಹೊರಗೆ ಹೋಗುವುದೇ ಕಡಿಮೆ. ಎಲ್ಲಿಂದ ಬರುತ್ತಿವೆ ಇವು?

ನಿಮ್ಮ ಮನೆಯೊಳಗಿಂದಲೇ ಬರುತ್ತಿವೆ. ಗೋಡೆ ಮೇಲೆ ಹರಿದಾಡುತ್ತಿವೆ ಅಂದಿರಲ್ಲ, ಅದೇ ಗುರುತು. ಇದು ಕಂದು ಬಣ್ಣದ ನಾಯಿ ಉಣ್ಣಿ. ಬೇರೆ ಜಾತಿಯ ಉಣ್ಣಿಗಳಿಗೆ ಹುಲ್ಲು, ಪೊದೆ, ತೇವ ಬೇಕು. ಇದಕ್ಕೆ ಅದೇನೂ ಬೇಡ. ಒಂದು ನಾಯಿ, ಒಂದಿಷ್ಟು ಬಿರುಕು, ಸ್ವಲ್ಪ ಬೆಚ್ಚಗಿನ ಹವೆ ಇದ್ದರೆ ಸಾಕು, ಹುಟ್ಟಿನಿಂದ ಸಾವಿನವರೆಗೆ ಪೂರ್ತಿ ಬದುಕನ್ನು ಮನೆಯೊಳಗೇ ಕಳೆದುಬಿಡುತ್ತದೆ.

ಅದರ ಬದುಕು ಹೇಗೆ ಸಾಗುತ್ತದೆ ಅಂತ ಗೊತ್ತಾದರೆ ನಿಮ್ಮ ಶ್ರಮ ಎಲ್ಲಿ ಸೋರಿಹೋಗುತ್ತಿದೆ ಅನ್ನುವುದೂ ಗೊತ್ತಾಗುತ್ತದೆ. ಉಣ್ಣಿ ಮೂರು ಸಲ ರಕ್ತ ಕುಡಿಯುತ್ತದೆ. ಮೊಟ್ಟೆಯಿಂದ ಬಂದ ಆರು ಕಾಲಿನ ಮರಿ ನಾಯಿಗೆ ಹತ್ತಿ, ಕುಡಿದು, ಕೆಳಗೆ ಬೀಳುತ್ತದೆ. ಎಲ್ಲೋ ಸಂದಿಯಲ್ಲಿ ಸೇರಿಕೊಂಡು ಪೊರೆ ಬಿಟ್ಟು ಎಂಟು ಕಾಲಿನದಾಗಿ ಮತ್ತೆ ನಾಯಿಗೆ ಹತ್ತುತ್ತದೆ, ಮತ್ತೆ ಬೀಳುತ್ತದೆ. ದೊಡ್ಡದಾದ ಮೇಲೆ ಮೂರನೇ ಸಲ ಹತ್ತುತ್ತದೆ. ಈ ಸಲ ಹೆಣ್ಣು ಉಣ್ಣಿ ಹೊಟ್ಟೆ ಬಿರಿಯುವಷ್ಟು ಕುಡಿದು ಬಿದ್ದು, ಗೋಡೆ ಬಿರುಕಿನಲ್ಲೋ ಬಾಗಿಲ ಚೌಕಟ್ಟಿನ ಸಂದಿಯಲ್ಲೋ ಮೊಟ್ಟೆ ಇಟ್ಟು ಸಾಯುತ್ತದೆ. ಒಂದು ಹೆಣ್ಣು ಸಾವಿರಗಟ್ಟಲೆ ಮೊಟ್ಟೆ ಇಡುತ್ತದೆ, ನಾಲ್ಕು ಸಾವಿರದವರೆಗೂ ಹೋಗಬಹುದು. ಬೆಚ್ಚಗಿನ ಜಾಗದಲ್ಲಿ ಈ ಇಡೀ ಸುತ್ತು ಸುಮಾರು ಎರಡು ತಿಂಗಳಲ್ಲಿ ಮುಗಿಯುತ್ತದೆ. ನಾಯಿ ಸಿಗದಿದ್ದರೆ? ಕಾಯುತ್ತದೆ. ದೊಡ್ಡ ಉಣ್ಣಿ ಏನೂ ತಿನ್ನದೆ ಒಂದು ವರ್ಷಕ್ಕೂ ಮೇಲೆ ಬದುಕಿರಬಲ್ಲದು.

ಈಗ ನೋಡಿ, ನೀವು ದಿನಾ ಕೀಳುತ್ತಿರುವುದು ಆ ಹೊತ್ತಿಗೆ ನಾಯಿ ಮೇಲಿರುವ ಒಂದಿಷ್ಟನ್ನು ಮಾತ್ರ. ಉಳಿದದ್ದೆಲ್ಲ ಸಂದಿಗೊಂದಿಯಲ್ಲಿ ಸರದಿ ಕಾಯುತ್ತಿದೆ. ಶಾಂಪೂ ಕೂಡ ಅಷ್ಟೇ, ಸ್ನಾನದ ಹೊತ್ತಿಗೆ ಮೈಮೇಲಿದ್ದದ್ದು ಸಾಯುತ್ತದೆ, ನೀರಿನ ಜೊತೆ ಔಷಧವೂ ಹೋಗುತ್ತದೆ. ಸಂಜೆ ಹತ್ತುವ ಹೊಸ ಉಣ್ಣಿಗೆ ಅದು ಏನೂ ಮಾಡುವುದಿಲ್ಲ.

ಮಾಡಬೇಕಾದದ್ದು ಇದು. ಮೊದಲು ಬ್ರೂನೋಗೆ ತಿಂಗಳುಗಟ್ಟಲೆ ಕೆಲಸ ಮಾಡುವ ಒಂದು ಔಷಧ ಶುರು ಮಾಡಿ, ಅದರ ಬಗ್ಗೆ ಕೆಳಗೆ ಬರೆದಿದ್ದೇನೆ. ಮನೆಯಲ್ಲಿ ಬೇರೆ ನಾಯಿಗಳಿದ್ದರೆ ಅವಕ್ಕೂ ಅದೇ ದಿನ. ಒಂದನ್ನು ಬಿಟ್ಟರೂ ಕೆಲಸ ಕೆಟ್ಟಿತು. ಜೊತೆಗೇ ಮನೆ. ಈ ಉಣ್ಣಿಗೆ ಮೇಲಕ್ಕೆ ಹತ್ತುವ ಅಭ್ಯಾಸ ಇದೆ, ಅದಕ್ಕೇ ನೆಲ ಎಷ್ಟು ಒರೆಸಿದರೂ ಸಾಲುವುದಿಲ್ಲ. ಪರದೆಯ ಮಡಿಕೆ, ಗೋಡೆಗೆ ಹಾಕಿದ ಫೋಟೋದ ಹಿಂದೆ, ಕಿಟಕಿ ಚೌಕಟ್ಟು, ಸೋಫಾ ಅಡಿ, ಮಂಚದ ಸಂದಿ, ನಾಯಿ ಗೂಡಿದ್ದರೆ ಅದರ ಚಾವಣಿ, ಇಲ್ಲೆಲ್ಲ ಟಾರ್ಚ್ ಹಿಡಿದು ನೋಡಿ. ವ್ಯಾಕ್ಯೂಮ್ ಇದ್ದರೆ ಸಂದಿಗಳನ್ನೆಲ್ಲ ಎಳೆಯಿರಿ, ಕಸವನ್ನು ತಕ್ಷಣ ಕವರಿಗೆ ಹಾಕಿ ಬಾಯಿ ಕಟ್ಟಿ ಹೊರಗೆ ಹಾಕಿ. ಅವನು ಮಲಗುವ ಬಟ್ಟೆಯನ್ನು ವಾರಕ್ಕೊಮ್ಮೆ 60 ಡಿಗ್ರಿ ಬಿಸಿ ನೀರಿನಲ್ಲಿ ತೊಳೆಯಿರಿ. ಬಿರುಕುಗಳನ್ನು ತುಂಬಿಸಿಬಿಡಿ.

ನಿಮ್ಮ ಮನೆಯ ಹಾಗೆ ಗೋಡೆ ಹತ್ತುವ ಮಟ್ಟಕ್ಕೆ ಹೋಗಿದ್ದರೆ ಕೀಟ ನಿಯಂತ್ರಣದವರನ್ನು ಕರೆಯುವುದೇ ಒಳ್ಳೆಯದು. ಉಣ್ಣಿಗೆ ಅಂತ ಸ್ಪಷ್ಟವಾಗಿ ಹೇಳಿ, ಜಿರಳೆಗೆ ಹಚ್ಚುವ ಜೆಲ್ ಇದಕ್ಕೆ ಆಗುವುದಿಲ್ಲ. ಹೊಡೆಯುವಾಗ ಮಕ್ಕಳು, ನಾಯಿ, ಬೆಕ್ಕು, ಹಕ್ಕಿ ಯಾರೂ ಒಳಗಿರಬಾರದು, ಪೂರ್ತಿ ಒಣಗಿ ಗಾಳಿಯಾಡಿದ ಮೇಲೇ ಒಳಗೆ ಬರಬೇಕು. ಮೀನಿನ ತೊಟ್ಟಿ ಇದ್ದರೆ ಮೊದಲೇ ಹೇಳಿ, ಕೆಲವು ಔಷಧಗಳು ಮೀನಿಗೆ ವಿಷ. ಮೊಟ್ಟೆಗಳು ಸಾಮಾನ್ಯವಾಗಿ ಮೊದಲ ಸಲಕ್ಕೆ ಸಾಯುವುದಿಲ್ಲ, ಹಾಗಾಗಿ ಮರಿಗಳು ಹೊರಬಂದ ಮೇಲೆ ಇನ್ನೊಂದು ಸುತ್ತು ಬೇಕಾಗುತ್ತದೆ.

ಇನ್ನೊಂದು ಮಾತು. "ಸ್ವಲ್ಪ ದಿನ ನಾಯಿಯನ್ನು ಬೇರೆ ಕಡೆ ಬಿಡೋಣ, ಉಣ್ಣಿ ತಾನಾಗಿ ಸಾಯುತ್ತವೆ" ಅಂತ ಹಲವರು ಯೋಚಿಸುತ್ತಾರೆ. ಬೇಡ. ಮೇಲೆ ಹೇಳಿದ ಹಾಗೆ ಅವು ಕಾಯುತ್ತವೆ. ಹಸಿವು ಜಾಸ್ತಿಯಾದರೆ ಮನುಷ್ಯರನ್ನೂ ಕಚ್ಚುತ್ತವೆ. ಅದೇ ನಾಯಿ ಔಷಧ ತೆಗೆದುಕೊಂಡು ಮನೆಯಲ್ಲೇ ಇದ್ದರೆ, ಅದಕ್ಕೆ ಹತ್ತಿದ ಪ್ರತಿ ಉಣ್ಣಿಯೂ ಸಾಯುತ್ತದೆ, ಮನೆಯೊಳಗಿನ ಸಂಖ್ಯೆ ದಿನೇ ದಿನೇ ಇಳಿಯುತ್ತದೆ. ಎರಡು ಮೂರು ತಿಂಗಳು ಹಿಡಿಯುತ್ತದೆ ಅಂತ ಮನಸ್ಸಿಗೆ ಹೇಳಿಕೊಂಡೇ ಶುರು ಮಾಡಿ. ಮೂರನೇ ವಾರ ಒಂದೆರಡು ಕಂಡವು ಅಂತ ಔಷಧ ಬದಲಾಯಿಸಬೇಡಿ.

ಪ್ರಶ್ನೆ: ಉಣ್ಣಿ ಕೀಳುವಾಗ ತಲೆ ಒಳಗೇ ಉಳಿದರೆ ವಿಷ ಏರುತ್ತದೆ ಅಂತಾರೆ. ನಮ್ಮ ತಂದೆ ಊದಿನಕಡ್ಡಿಯಿಂದ ಸುಡುತ್ತಾರೆ, ಚಿಕ್ಕಪ್ಪ ಸೀಮೆಎಣ್ಣೆ ಹಚ್ಚಿ ಅಂತಾರೆ. ಯಾವುದು ಸರಿ?

ಎರಡೂ ಬೇಡ. ದೊಡ್ಡವರು ನಾಯಿ ಮೇಲಿನ ಪ್ರೀತಿಯಿಂದಲೇ ಹೇಳುವುದು, ಆದರೆ ಸುಟ್ಟಾಗ, ಎಣ್ಣೆ ಹಚ್ಚಿದಾಗ, ಕೈಯಿಂದ ಹಿಂಡಿದಾಗ ಉಣ್ಣಿ ತನ್ನ ಜೊಲ್ಲನ್ನೂ ಹೊಟ್ಟೆಯಲ್ಲಿದ್ದದ್ದನ್ನೂ ನಾಯಿಯ ಮೈಯೊಳಗೆ ಕಕ್ಕುವ ಸಾಧ್ಯತೆ ಇದೆ. ರೋಗದ ಕ್ರಿಮಿ ಇರುವುದೇ ಅಲ್ಲಿ. ಮೇಲಾಗಿ ಸೀಮೆಎಣ್ಣೆ ಚರ್ಮವನ್ನು ಸುಡುತ್ತದೆ, ನಾಯಿ ನೆಕ್ಕಿದರೆ ಹೊಟ್ಟೆಗೂ ಶ್ವಾಸಕೋಶಕ್ಕೂ ಹಾನಿ.

ಮೊನೆ ಚೂಪಾದ ಟ್ವೀಜರ್ ತೆಗೆದುಕೊಳ್ಳಿ. ಕೂದಲು ಸರಿಸಿ, ಉಣ್ಣಿಯ ಹೊಟ್ಟೆಯನ್ನಲ್ಲ, ಚರ್ಮಕ್ಕೆ ತಾಗಿದ ಹಾಗೆ ಅದರ ಬಾಯಿಯ ಹತ್ತಿರ ಹಿಡಿಯಿರಿ. ಆತುರ ಬೇಡ, ಜರ್ಕ್ ಬೇಡ, ಒಂದೇ ಸಮನಾಗಿ ನೇರ ಮೇಲಕ್ಕೆ ಎಳೆಯಿರಿ. ಉಣ್ಣಿ ತೆಗೆಯುವುದಕ್ಕೇ ಮಾಡಿದ ಪ್ಲಾಸ್ಟಿಕ್ ಕೊಕ್ಕೆಯೂ ಸಿಗುತ್ತದೆ, ಅದನ್ನು ಬಳಸುವವರು ಅದರ ಸೂಚನೆಯ ಪ್ರಕಾರ ತಿರುಗಿಸಿ ತೆಗೆಯಬಹುದು. ತೆಗೆದದ್ದನ್ನು ಉಗುರಿನಲ್ಲಿ ಕುಟ್ಟಬೇಡಿ, ನೆಲದ ಮೇಲೆ ತುಳಿಯಬೇಡಿ. ಸ್ಪಿರಿಟ್ ಇರುವ ಸಣ್ಣ ಬಾಟಲಿಗೆ ಹಾಕಿ. ಬರೀ ನೀರಿಗೆ ಹಾಕಿದರೆ ಸಾಯುವುದಿಲ್ಲ, ಹತ್ತಿ ಹೊರಗೆ ಬರುತ್ತದೆ. ಕೈಗೆ ಗ್ಲೌಸ್ ಇರಲಿ, ಆಮೇಲೆ ಸೋಪು ಹಾಕಿ ಕೈ ತೊಳೆಯಿರಿ, ಕಚ್ಚಿದ ಜಾಗವನ್ನು ಆಂಟಿಸೆಪ್ಟಿಕ್‌ನಿಂದ ಒರೆಸಿ.

ತಲೆ ಉಳಿದುಬಿಟ್ಟರೆ? ಉಳಿಯುವುದು ತಲೆಯಲ್ಲ, ಬಾಯಿಯ ಸಣ್ಣ ಚೂರು. ಅದರಿಂದ ವಿಷ ಏರುವುದಿಲ್ಲ. ಸುಲಭವಾಗಿ ಬಂದರೆ ತೆಗೆಯಿರಿ, ಇಲ್ಲದಿದ್ದರೆ ಸೂಜಿ ಹಾಕಿ ಕೆದಕಬೇಡಿ, ಮೈ ತಾನೇ ಹೊರಗೆ ತಳ್ಳುತ್ತದೆ. ಸಣ್ಣ ಗಂಟು ಒಂದೆರಡು ವಾರ ಉಳಿಯಬಹುದು. ಕೆಂಪಾಗಿ ಊದಿಕೊಂಡು ಕೀವು ಬಂದರೆ ಮಾತ್ರ ತೋರಿಸಿ.

ಹುಡುಕುವಾಗ ಬೆನ್ನು ಸವರಿ ಬಿಟ್ಟರೆ ಸಾಲದು. ಕಿವಿಯ ಒಳಗಿನ ಮಡಿಕೆ, ಕಾಲ್ಬೆರಳ ಸಂದಿ, ಕುತ್ತಿಗೆಯ ಬೆಲ್ಟಿನ ಅಡಿ, ಕಂಕುಳು, ತೊಡೆಸಂದು, ಬಾಲದ ಬುಡ, ಕಣ್ಣ ರೆಪ್ಪೆ, ಇವೇ ಅವುಗಳ ಇಷ್ಟದ ಜಾಗಗಳು. ಬೆಲ್ಟ್ ಬಿಚ್ಚಿ ನೋಡುವುದನ್ನು ತುಂಬಾ ಜನ ಮರೆಯುತ್ತಾರೆ.

ಪ್ರಶ್ನೆ: ನಮ್ಮ ಲ್ಯಾಬ್ರಡಾರ್ ಎರಡು ದಿನದಿಂದ ಊಟ ಮುಟ್ಟಿಲ್ಲ, ಮೂಲೆಯಲ್ಲಿ ಮಲಗಿಯೇ ಇರುತ್ತಾಳೆ. ಮೈ ಬಿಸಿ. ಟಿಕ್ ಫೀವರ್ ಇರಬಹುದಾ ಅಂತ ಯಾರೋ ಅಂದರು, ಆದರೆ ಅವಳ ಮೈಮೇಲೆ ಒಂದೂ ಉಣ್ಣಿ ಇಲ್ಲ. ಜ್ವರಕ್ಕೆ ನಾವು ತೆಗೆದುಕೊಳ್ಳುವ ಮಾತ್ರೆಯನ್ನೇ ಅರ್ಧ ಕೊಡಬಹುದಾ?

ಮಾತ್ರೆ ಕೊಡಬೇಡಿ. ಇದನ್ನು ಎಷ್ಟು ಸಲ ಬರೆದರೂ ನನಗೆ ಬೇಸರವಿಲ್ಲ. ಪ್ಯಾರಾಸಿಟಮಾಲ್ ನಾಯಿಯ ಲಿವರಿಗೂ ಕೆಂಪು ರಕ್ತಕಣಗಳಿಗೂ ಪೆಟ್ಟು ಕೊಡಬಲ್ಲದು. ಐಬುಪ್ರೊಫೆನ್, ಆಸ್ಪಿರಿನ್ ಥರದವು ಹೊಟ್ಟೆಯಲ್ಲಿ ಹುಣ್ಣು ಮಾಡಿ ರಕ್ತಸ್ರಾವ ತರುತ್ತವೆ, ಟಿಕ್ ಫೀವರಿನಲ್ಲಿ ಮೊದಲೇ ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಕಡಿಮೆಯಾಗಿರುತ್ತದೆ, ಅದರ ಮೇಲೆ ಇದೂ ಸೇರಿದರೆ ಏನಾಗಬಹುದು ಯೋಚಿಸಿ.

ಉಣ್ಣಿ ಕಾಣಲಿಲ್ಲ ಅನ್ನುವುದರಿಂದ ರೋಗ ಇಲ್ಲ ಅಂತ ಆಗುವುದಿಲ್ಲ. ಕಚ್ಚಿದ ಉಣ್ಣಿ ಕುಡಿದು ಬಿದ್ದು ಹೋಗಿರುತ್ತದೆ. ಕಚ್ಚಿದ ಒಂದರಿಂದ ಮೂರು ವಾರದ ನಂತರ ಜ್ವರ ಬರುವುದು. ಮರಿ ಉಣ್ಣಿಯಂತೂ ಸಾಸಿವೆ ಕಾಳಿಗಿಂತ ಚಿಕ್ಕದು, ದಟ್ಟ ಕೂದಲಿನಲ್ಲಿ ಕಾಣುವುದೇ ಇಲ್ಲ.

ಟಿಕ್ ಫೀವರ್ ಅಂತ ನಾವು ಕರೆಯುವುದು ಒಂದು ರೋಗವಲ್ಲ, ಹಲವು. ಜಾಸ್ತಿ ಕಾಣುವುದು ಎರ್ಲಿಕಿಯಾ. ಇದೊಂದು ಬ್ಯಾಕ್ಟೀರಿಯಾ, ಬಿಳಿ ರಕ್ತಕಣಗಳೊಳಗೆ ಸೇರಿಕೊಳ್ಳುತ್ತದೆ. 1935ರಲ್ಲಿ ಅಲ್ಜೀರಿಯಾದ ನಾಯಿಗಳಲ್ಲಿ ಇದನ್ನು ಮೊದಲು ಗುರುತಿಸಿದರು. ವಿಯೆಟ್ನಾಂ ಯುದ್ಧದ ಕಾಲದಲ್ಲಿ ಅಮೆರಿಕ ಸೇನೆಯ ನೂರಾರು ನಾಯಿಗಳು, ಅದರಲ್ಲೂ ಜರ್ಮನ್ ಶೆಫರ್ಡ್‌ಗಳು, ಮೂಗಿನಲ್ಲಿ ರಕ್ತ ಸುರಿದು ಸತ್ತ ಮೇಲೆ ಜಗತ್ತಿನ ಗಮನ ಇದರ ಮೇಲೆ ಬಿತ್ತು. ಇವತ್ತಿಗೂ ಆ ತಳಿಯಲ್ಲಿ ಈ ರೋಗ ಬೇರೆ ನಾಯಿಗಳಿಗಿಂತ ಜೋರಾಗಿಯೇ ಇರುತ್ತದೆ. ಶೆಫರ್ಡ್ ಸಾಕಿದವರು ಇನ್ನೂ ಹೆಚ್ಚು ಎಚ್ಚರ ಇರಬೇಕು.

ಎರ್ಲಿಕಿಯಾದ ಕೆಟ್ಟ ಗುಣ ಅಂದರೆ ಅದು ಮಧ್ಯದಲ್ಲಿ ಸುಮ್ಮನಾಗುವುದು. ಮೊದಲ ಎರಡರಿಂದ ನಾಲ್ಕು ವಾರ ಜ್ವರ, ಊಟ ಬಿಡುವುದು, ಗಂಟಲ ಕೆಳಗೆ ಗಂಟು, ಕಣ್ಣಲ್ಲಿ ನೀರು, ಹೊಟ್ಟೆಯ ಚರ್ಮದ ಮೇಲೆ ಸಣ್ಣ ಕೆಂಪು ಚುಕ್ಕೆ, ಕೆಲವೊಮ್ಮೆ ಮೂಗಿನಲ್ಲಿ ರಕ್ತ. ಆಮೇಲೆ ಏನೂ ಮಾಡದಿದ್ದರೂ ನಾಯಿ ಎದ್ದು ಓಡಾಡುತ್ತದೆ, ಮನೆಯವರು ವಾಸಿಯಾಯಿತು ಅಂದುಕೊಳ್ಳುತ್ತಾರೆ. ಕ್ರಿಮಿ ಒಳಗೇ ಇರುತ್ತದೆ, ತಿಂಗಳುಗಟ್ಟಲೆ, ಕೆಲವು ನಾಯಿಗಳಲ್ಲಿ ವರ್ಷಗಟ್ಟಲೆ. ಕೆಲವು ನಾಯಿಗಳ ಮೈ ಅದನ್ನು ತಾನೇ ಗೆಲ್ಲುತ್ತದೆ. ಕೆಲವಕ್ಕೆ ಒಂದು ದಿನ ಎಲುಬಿನ ಮಜ್ಜೆ ರಕ್ತ ತಯಾರಿಸುವುದನ್ನೇ ನಿಲ್ಲಿಸಿಬಿಡುತ್ತದೆ. ಆ ಹಂತದಲ್ಲಿ ಬಂದ ನಾಯಿಯನ್ನು ಉಳಿಸುವುದು ತುಂಬಾ ಕಷ್ಟ. ಮೊದಲ ಹಂತದಲ್ಲಿ ಬಂದರೆ ಜಾಸ್ತಿ ನಾಯಿಗಳು ಬದುಕಿ ಉಳಿಯುತ್ತವೆ. ನಿಮ್ಮವಳು ಈಗ ಇರುವುದು ಬಹುಶಃ ಮೊದಲ ಹಂತದಲ್ಲಿ.

ಹಾಗಾಗಿ ಈಗಲೇ ಕರೆದುಕೊಂಡು ಹೋಗಿ. ನಾಯಿಯ ಸಾಮಾನ್ಯ ಮೈಬಿಸಿ ಸುಮಾರು 100.5ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್, ನಮಗಿಂತ ಸ್ವಲ್ಪ ಜಾಸ್ತಿಯೇ. ಮುಟ್ಟಿ ನೋಡಿದರೆ ಗೊತ್ತಾಗುವುದಿಲ್ಲ, ಮೂಗು ಒಣಗಿದೆಯಾ ಅಂತ ನೋಡಿದರೂ ಗೊತ್ತಾಗುವುದಿಲ್ಲ, ಗುದದ್ವಾರದಲ್ಲಿ ಥರ್ಮಾಮೀಟರ್ ಇಟ್ಟೇ ನೋಡಬೇಕು. ರಕ್ತ ಪರೀಕ್ಷೆ ಮಾಡಿಸಿ ಅಂತ ನೀವೇ ಬಾಯಿಬಿಟ್ಟು ಕೇಳಿ. ರಕ್ತಕಣಗಳ ಎಣಿಕೆ, ಗಾಜಿನ ಮೇಲೆ ರಕ್ತ ಹಚ್ಚಿ ಸೂಕ್ಷ್ಮದರ್ಶಕದಲ್ಲಿ ನೋಡುವುದು, ಬೇಕಾದರೆ ಕಿಟ್ ಪರೀಕ್ಷೆ ಅಥವಾ ಕ್ರಿಮಿಯ ಅಂಶವನ್ನೇ ಹುಡುಕುವ ಪಿಸಿಆರ್. ಕಿಟ್ ಪರೀಕ್ಷೆ ಹುಡುಕುವುದು ಕ್ರಿಮಿಯನ್ನಲ್ಲ, ಕ್ರಿಮಿಯ ವಿರುದ್ಧ ಮೈ ತಯಾರಿಸಿದ ಪ್ರತಿಕಾಯಗಳನ್ನು. ಜ್ವರದ ಮೊದಲ ದಿನಗಳಲ್ಲಿ ಅವು ಇನ್ನೂ ತಯಾರಾಗಿರುವುದಿಲ್ಲ. ಅದಕ್ಕೇ ಕಿಟ್ ನೆಗೆಟಿವ್ ಬಂದರೂ ಪ್ಲೇಟ್‌ಲೆಟ್ ಕಡಿಮೆ ಇದ್ದು ಲಕ್ಷಣಗಳು ತಾಳೆಯಾದರೆ ವೈದ್ಯರು ಚಿಕಿತ್ಸೆ ಶುರು ಮಾಡುತ್ತಾರೆ. ಅದು ಸರಿಯಾದ ಕ್ರಮವೇ.

ಪ್ರಶ್ನೆ: ನಾಯಿಯ ಮೂತ್ರ ಕಾಫಿ ಬಣ್ಣಕ್ಕೆ ತಿರುಗಿದೆ. ಒಸಡು ಬೆಳ್ಳಗೆ ಕಾಣುತ್ತಿದೆ. ಏನು ಕೊಡಬೇಕು?

ಈ ಪತ್ರ ಬರೆದವರಿಗೆ ಪತ್ರಿಕೆಯಿಂದಲೇ ಆ ದಿನವೇ ಫೋನ್ ಮಾಡಿಸಿದೆ. ಉಳಿದವರಿಗಾಗಿ ಇಲ್ಲಿ ಹಾಕಿದ್ದೇನೆ. ಮೂತ್ರ ಕಂದು ಅಥವಾ ಕೆಂಪಾದರೆ, ಒಸಡು ಬೆಳ್ಳಗೋ ಹಳದಿಯೋ ಆದರೆ, ಮೂಗಿನಿಂದ ರಕ್ತ ಬಂದರೆ, ನಿಲ್ಲಲಾಗದೆ ಬಿದ್ದರೆ ಯಾರಿಗೂ ಪತ್ರ ಬರೆಯಬೇಡಿ, ಬೆಳಗಾಗಲಿ ಅಂತ ಕಾಯಬೇಡಿ. ಆಸ್ಪತ್ರೆಗೆ ಹೋಗಿ.

ಇದು ಹೆಚ್ಚಾಗಿ ಬೆಬೀಸಿಯಾ. ಇದು ಬ್ಯಾಕ್ಟೀರಿಯಾ ಅಲ್ಲ, ಮಲೇರಿಯಾದ ಕ್ರಿಮಿಯ ಥರದ ಒಂದು ಪರಾವಲಂಬಿ. ಕೆಂಪು ರಕ್ತಕಣದೊಳಗೆ ಬೆಳೆದು ಅದನ್ನು ಒಡೆಯುತ್ತದೆ, ಒಡೆದ ಬಣ್ಣ ಮೂತ್ರದಲ್ಲಿ ಬರುತ್ತದೆ. ಎರ್ಲಿಕಿಯಾಗೆ ಕೊಡುವ ಡಾಕ್ಸಿಸೈಕ್ಲಿನ್ ಮಾತ್ರೆ ಒಂದರಿಂದಲೇ ಇದು ಹೋಗುವುದಿಲ್ಲ, ಬೇರೆ ಔಷಧ ಬೇಕು. ಅದೂ ಬೆಬೀಸಿಯಾದ ಯಾವ ಜಾತಿ ಅನ್ನುವುದರ ಮೇಲೆ ಬದಲಾಗುತ್ತದೆ. ಇಂಜೆಕ್ಷನ್‌ಗೆ ಬಗ್ಗುವ ಜಾತಿ ಇದೆ. ಗಿಬ್ಸೋನಿ ಅನ್ನುವ ಸಣ್ಣ ಜಾತಿಗೆ ಎರಡು ಔಷಧ ಸೇರಿಸಿ ಕೊಡಬೇಕಾಗುತ್ತದೆ. "ಟಿಕ್ ಫೀವರ್ ಮಾತ್ರೆ ಮನೆಯಲ್ಲಿತ್ತು, ಕೊಟ್ಟೆವು" ಅನ್ನುವವರು ಇದನ್ನು ಗಮನಿಸಿ. ರಕ್ತ ತುಂಬಾ ಇಳಿದಿದ್ದರೆ ಇನ್ನೊಂದು ನಾಯಿಯ ರಕ್ತ ಹಾಕಬೇಕಾಗುತ್ತದೆ. ನಿಮ್ಮದು ದೊಡ್ಡ, ಆರೋಗ್ಯವಂತ, ಶಾಂತ ಸ್ವಭಾವದ ನಾಯಿ ಆಗಿದ್ದರೆ ರಕ್ತ ಕೊಡುವ ನಾಯಿಗಳ ಪಟ್ಟಿಗೆ ಸೇರಿಸಬಹುದಾ ಅಂತ ನಿಮ್ಮ ವೈದ್ಯರನ್ನು ಕೇಳಿ, ದೊಡ್ಡ ಉಪಕಾರ ಅದು.

ಈ ಗಿಬ್ಸೋನಿ ಉಣ್ಣಿಯಿಂದ ಮಾತ್ರ ಅಲ್ಲ, ನಾಯಿಗಳು ಒಂದನ್ನೊಂದು ಕಚ್ಚಿಕೊಂಡರೂ ಹರಡುತ್ತದೆ. ಜಗಳವಾಡಿದ ನಾಯಿ ಕೆಲವು ವಾರದ ನಂತರ ಮಂಕಾದರೆ ಜಗಳದ ವಿಷಯವನ್ನು ವೈದ್ಯರಿಗೆ ಹೇಳಲೇಬೇಕು.

ಪ್ರಶ್ನೆ: ಎರ್ಲಿಕಿಯಾ ಪಾಸಿಟಿವ್ ಬಂತು. ಪ್ಲೇಟ್‌ಲೆಟ್ 42 ಸಾವಿರ ಇತ್ತು. 28 ದಿನ ಮಾತ್ರೆ ಬರೆದಿದ್ದಾರೆ. ಮೂರೇ ದಿನಕ್ಕೆ ರಾಜ ಮೊದಲಿನ ಹಾಗಾದ. ಅಷ್ಟು ದಿನ ಆಂಟಿಬಯಾಟಿಕ್ ಬೇಕಾ? ಲಿವರ್ ಹಾಳಾಗುವುದಿಲ್ಲವಾ?

ಬೇಕು. ಒಂದು ದಿನವೂ ಕಡಿಮೆ ಮಾಡಬೇಡಿ. ಡಾಕ್ಸಿಸೈಕ್ಲಿನ್‌ಗೆ ಈ ಕ್ರಿಮಿ ಬೇಗ ಬಗ್ಗುತ್ತದೆ, ಒಂದೆರಡು ದಿನದಲ್ಲೇ ನಾಯಿ ಊಟ ಕೇಳುತ್ತದೆ, ಸಮಸ್ಯೆ ಶುರುವಾಗುವುದೂ ಅಲ್ಲೇ. ಮನೆಯವರು ಹತ್ತನೇ ದಿನಕ್ಕೆ ಮಾತ್ರೆ ಬಿಡುತ್ತಾರೆ, ಕಣಗಳೊಳಗೆ ಉಳಿದ ಕ್ರಿಮಿ ಮತ್ತೆ ತಲೆಯೆತ್ತುತ್ತದೆ. ಲಿವರಿನ ಚಿಂತೆ ಇದ್ದರೆ ಮಧ್ಯೆ ಒಮ್ಮೆ ರಕ್ತ ಪರೀಕ್ಷೆ ಮಾಡಿಸಿ, ನೀವಾಗಿ ನಿಲ್ಲಿಸಬೇಡಿ.

ಮಾತ್ರೆಯನ್ನು ಖಾಲಿ ಹೊಟ್ಟೆಗೆ ಕೊಡಬೇಡಿ, ವಾಂತಿಯಾಗುತ್ತದೆ. ಒಣ ಮಾತ್ರೆ ಅನ್ನನಾಳದಲ್ಲಿ ಅಂಟಿಕೊಂಡರೆ ಹುಣ್ಣಾಗುತ್ತದೆ, ಅದಕ್ಕೇ ಊಟದ ಜೊತೆ ಕೊಟ್ಟು ಮೇಲೆ ನೀರು ಕುಡಿಸಿ. ಹಾಲು, ಮೊಸರು, ಚೀಸ್, ಕ್ಯಾಲ್ಸಿಯಂ ಸಿರಪ್ ಜೊತೆ ಬೇಡ, ಔಷಧ ಮೈಗೆ ಹತ್ತುವುದು ಕಡಿಮೆಯಾಗುತ್ತದೆ.

42 ಸಾವಿರ ಕಡಿಮೆಯೇ. ಆರೋಗ್ಯವಂತ ನಾಯಿಯಲ್ಲಿ ಸಾಮಾನ್ಯವಾಗಿ 2 ಲಕ್ಷದಿಂದ 5 ಲಕ್ಷ ಇರುತ್ತದೆ. ಸಂಖ್ಯೆ ಏರುವವರೆಗೆ ಅವನನ್ನು ಓಡಿಸಬೇಡಿ, ಬೇರೆ ನಾಯಿಗಳ ಜೊತೆ ಎಳೆದಾಡುವ ಆಟ ಬೇಡ, ಗಟ್ಟಿ ಎಲುಬು ಕಡಿಯಲು ಕೊಡಬೇಡಿ. ವಾರದೊಳಗೆ ಒಮ್ಮೆ, ಕೋರ್ಸ್ ಮುಗಿದ ಮೇಲೆ ಒಮ್ಮೆ ಎಣಿಕೆ ಮಾಡಿಸಿ. ಕಿಟ್ ಪರೀಕ್ಷೆ ಮಾತ್ರ ಮತ್ತೆ ಮಾಡಿಸಬೇಡಿ, ಮಾಡಿಸಿ ಹೆದರಲೂಬೇಡಿ. ವಾಸಿಯಾದ ನಂತರವೂ ಅದು ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಪಾಸಿಟಿವ್ ತೋರಿಸುತ್ತದೆ.

ಒಮ್ಮೆ ಬಂದ ಮೇಲೆ ಮತ್ತೆ ಬರುವುದಿಲ್ಲ ಅಂತ ಇಲ್ಲ. ಮುಂದಿನ ಉಣ್ಣಿ ಕಚ್ಚಿದರೆ ಮತ್ತೆ ಬರಬಹುದು. ಹಾಗಾಗಿ ಮಾತ್ರೆಯ ಜೊತೆಗೇ ಉಣ್ಣಿ ತಡೆಯುವ ಔಷಧವೂ ನಡೆಯಬೇಕು.

ಪ್ರಶ್ನೆ: ಅಗಿಯುವ ಮಾತ್ರೆ, ಕುತ್ತಿಗೆ ಮೇಲೆ ಹಾಕುವ ಹನಿ, ಬೆಲ್ಟ್, ಸ್ಪ್ರೇ, ಪೌಡರ್, ಯಾವುದು ಒಳ್ಳೆಯದು? ಮಾತ್ರೆಯಿಂದ ಫಿಟ್ಸ್ ಬರುತ್ತದೆ ಅಂತ ಓದಿ ಭಯವಾಗಿದೆ.

ಮನೆ ಪೂರ್ತಿ ಉಣ್ಣಿ ಇರುವವರಿಗೆ ನಾನು ಮೊದಲು ಹೇಳುವುದು ಅಗಿಯುವ ಮಾತ್ರೆಯನ್ನೇ. ಅಫಾಕ್ಸೊಲೇನರ್, ಸರೊಲೇನರ್, ಲೊಟಿಲೇನರ್ ಇರುವವು ತಿಂಗಳಿಗೊಂದು. ಫ್ಲುರಲೇನರ್ ಹೆಚ್ಚಿನ ಉಣ್ಣಿಗಳಿಗೆ ಸುಮಾರು ಮೂರು ತಿಂಗಳು ಬರುತ್ತದೆ. ಸ್ನಾನ ಮಾಡಿಸಿದರೆ ತೊಳೆದುಹೋಗುವುದಿಲ್ಲ, ಮಕ್ಕಳು ಮುಟ್ಟಿದರೆ ಕೈಗೆ ಅಂಟುವುದಿಲ್ಲ. ಔಷಧ ರಕ್ತದಲ್ಲಿರುವುದರಿಂದ ಉಣ್ಣಿ ಕಚ್ಚಿದ ಮೇಲೇ ಸಾಯುವುದು, ಇದೊಂದು ಮಿತಿ. ಬೆಬೀಸಿಯಾ ಹರಡಲು ಉಣ್ಣಿ ಸಾಮಾನ್ಯವಾಗಿ ಎರಡು ಮೂರು ದಿನ ಕಚ್ಚಿಕೊಂಡಿರಬೇಕು, ಅಷ್ಟರೊಳಗೆ ಮಾತ್ರೆ ಅದನ್ನು ಕೊಂದಿರುತ್ತದೆ. ಎರ್ಲಿಕಿಯಾ ಕೆಲವೇ ಗಂಟೆಗಳಲ್ಲಿ ದಾಟಬಲ್ಲದು. ಅದಕ್ಕೇ ರೋಗ ಜಾಸ್ತಿ ಇರುವ ಕಡೆ ಮಾತ್ರೆಯ ಜೊತೆಗೆ ಉಣ್ಣಿಯನ್ನು ಕಚ್ಚುವ ಮೊದಲೇ ಓಡಿಸುವ ಬೆಲ್ಟನ್ನೂ ಕೆಲವು ವೈದ್ಯರು ಸೇರಿಸುತ್ತಾರೆ. ಫ್ಲುಮೆತ್ರಿನ್ ಇರುವ ಒಳ್ಳೆಯ ಬೆಲ್ಟ್ ಎಂಟು ತಿಂಗಳವರೆಗೆ ಕೆಲಸ ಮಾಡುತ್ತದೆ. ಎರಡು ಬೆರಳು ತೂರುವಷ್ಟು ಮಾತ್ರ ಸಡಿಲವಿರಬೇಕು, ಹಾರದ ಹಾಗೆ ಜೋತು ಬಿದ್ದರೆ ಪ್ರಯೋಜನವಿಲ್ಲ.

ಫಿಟ್ಸ್ ವಿಷಯ ಸುಳ್ಳಲ್ಲ. 2018ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಈ ಗುಂಪಿನ ಮಾತ್ರೆಗಳ ಬಗ್ಗೆ ಎಚ್ಚರಿಕೆ ಕೊಟ್ಟಿತು. ಕೆಲವು ನಾಯಿಗಳಲ್ಲಿ ನಡುಕ, ತೂರಾಡುವುದು, ಫಿಟ್ಸ್ ಕಂಡಿವೆ, ಮೊದಲು ಫಿಟ್ಸ್ ಇಲ್ಲದಿದ್ದ ನಾಯಿಗಳಲ್ಲೂ. ಅದೇ ಸಂಸ್ಥೆ, ಹೆಚ್ಚಿನ ನಾಯಿಗಳಿಗೆ ಇವು ಸುರಕ್ಷಿತ ಅಂತಲೂ ಹೇಳಿದೆ. ನಿಮ್ಮ ನಾಯಿಗೆ ಹಿಂದೆ ಯಾವಾಗಲಾದರೂ ಫಿಟ್ಸ್ ಬಂದಿದ್ದರೆ ವೈದ್ಯರಿಗೆ ಹೇಳಿ, ಬೇರೆ ದಾರಿ ಹುಡುಕೋಣ. ಇಲ್ಲದಿದ್ದರೆ, ಉಣ್ಣಿ ತುಂಬಿದ ಮನೆಯಲ್ಲಿ ಮಾತ್ರೆಯ ಭಯದಿಂದ ಏನೂ ಕೊಡದೇ ಇರುವುದೇ ದೊಡ್ಡ ಅಪಾಯ ಅನ್ನುವುದು ನನ್ನ ಅಭಿಪ್ರಾಯ.

ಫಿಪ್ರೊನಿಲ್ ಹನಿ ಹಾಕುವವರು ಹಾಕುವ ಎರಡು ದಿನ ಮೊದಲೂ, ಹಾಕಿದ ಎರಡು ದಿನ ನಂತರವೂ ಸ್ನಾನ ಮಾಡಿಸಬೇಡಿ. ಕೂದಲ ಮೇಲೆ ಅಲ್ಲ, ಕೂದಲು ಬಿಡಿಸಿ ಚರ್ಮದ ಮೇಲೆ ಹಾಕಬೇಕು. ಪೌಡರ್ ಬಗ್ಗೆ ನನಗೆ ಒಲವಿಲ್ಲ, ನಾಯಿ ನೆಕ್ಕುತ್ತದೆ, ಮನೆಯವರ ಮೂಗಿಗೂ ಹೋಗುತ್ತದೆ. ಅಮಿಟ್ರಾಜ್ ನೀರಿಗೆ ಬೆರೆಸಿ ಹಾಕುವ ಹಳೆ ಪದ್ಧತಿ ಇನ್ನೂ ಇದೆ, ಅಳತೆ ತಪ್ಪಿದರೆ ನಾಯಿ ತೂಕಡಿಸಿ ಬೀಳುತ್ತದೆ, ಸಕ್ಕರೆ ಕಾಯಿಲೆ ಇರುವ ನಾಯಿಗೆ ಬೇಡವೇ ಬೇಡ. ಐವರ್‌ಮೆಕ್ಟಿನ್ ಇಂಜೆಕ್ಷನ್ನನ್ನು ಉಣ್ಣಿಗೆ ಅಂತ ಹಾಕಿಸಬೇಡಿ. ಅದು ಉಣ್ಣಿಗೆ ನಂಬುವಂಥದ್ದಲ್ಲ, ಕಾಲಿ ಮತ್ತು ಅದರ ಸಂಬಂಧದ ಕುರಿ ಕಾಯುವ ತಳಿಗಳಲ್ಲಿ ಮೆದುಳಿಗೆ ಏರಿ ಜೀವಕ್ಕೇ ಕುತ್ತು ತರಬಲ್ಲದು.

ಯಾವುದೇ ಆದರೂ ನಾಯಿಯ ತೂಕ ನೋಡಿ ಕೊಳ್ಳಿ. ದೊಡ್ಡ ನಾಯಿಯ ಮಾತ್ರೆ ತಂದು ಎರಡು ಮಾಡಿ ಸಣ್ಣ ನಾಯಿಗಳಿಗೆ ಹಂಚುವುದು ಬೇಡ.

ಪ್ರಶ್ನೆ: ಮನೆಯಲ್ಲಿ ಬೆಕ್ಕೂ ಇದೆ. ನಾಯಿಗೆ ಹಾಕಿದ ಹನಿಯನ್ನೇ ಸ್ವಲ್ಪ ಅದಕ್ಕೂ ಹಾಕಲಾ?

ಬೇಡ! ನಾಯಿಯ ಹಲವು ಹನಿಗಳಲ್ಲಿ ಪರ್ಮೆತ್ರಿನ್ ಇರುತ್ತದೆ. ಬೆಕ್ಕಿನ ಲಿವರಿಗೆ ಅದನ್ನು ಒಡೆಯುವ ಶಕ್ತಿ ಇಲ್ಲ. ಕೆಲವೇ ಗಂಟೆಗಳಲ್ಲಿ ನಡುಕ, ಫಿಟ್ಸ್, ಸಾವು. ಹನಿ ಹಾಕಿದ ನಾಯಿಯನ್ನು ಬೆಕ್ಕು ನೆಕ್ಕಿದರೂ, ಅದಕ್ಕೆ ಒರಗಿ ಮಲಗಿದರೂ ಆಗಬಹುದು. ಬೆಕ್ಕಿರುವ ಮನೆಯಲ್ಲಿ ನಾಯಿಗೆ ಪರ್ಮೆತ್ರಿನ್ ಇಲ್ಲದ ಔಷಧವನ್ನೇ ಕೇಳಿ ತೆಗೆದುಕೊಳ್ಳಿ. ಗೊತ್ತಿಲ್ಲದೆ ಹಾಕಿಬಿಟ್ಟಿದ್ದರೆ ಪಾತ್ರೆ ತೊಳೆಯುವ ಸೋಪಿನ ಉಗುರುಬೆಚ್ಚಗಿನ ನೀರಿನಲ್ಲಿ ಬೆಕ್ಕನ್ನು ತೊಳೆದು, ಒರೆಸಿ, ಬಟ್ಟೆಯಲ್ಲಿ ಸುತ್ತಿಕೊಂಡು ಆಸ್ಪತ್ರೆಗೆ ಓಡಿ.

ಪ್ರಶ್ನೆ: ಆಂಟಿ, ನಾನು ಒಂಬತ್ತನೇ ಕ್ಲಾಸ್. ಬೀದಿಯಲ್ಲಿ ಒಂದು ಪುಟ್ಟ ನಾಯಿಮರಿ ಸಿಕ್ಕಿತು, ಐದು ವಾರ ಇರಬಹುದು. ಕಿವಿ ತುಂಬಾ ಉಣ್ಣಿ. ತುಂಬಾ ಸುಸ್ತಾಗಿದೆ. ಅಮ್ಮ ಇಟ್ಟುಕೊಳ್ಳಲು ಒಪ್ಪಿದ್ದಾರೆ. ನಾನು ಏನು ಮಾಡಲಿ?

ಅಮ್ಮನಿಗೆ ನನ್ನ ನಮಸ್ಕಾರ ಹೇಳು ಪುಟ್ಟಾ. ನೀನು ಮಾಡಿದ್ದು ಒಳ್ಳೆಯ ಕೆಲಸ.

ಮೊದಲು ಮರಿಯ ತುಟಿ ಎತ್ತಿ ಒಸಡು ನೋಡು. ಗುಲಾಬಿ ಬಣ್ಣ ಇದ್ದರೆ ಸರಿ. ಬೆಳ್ಳಗಿದ್ದರೆ ಉಣ್ಣಿಗಳು ರಕ್ತ ಕುಡಿದೇ ಅದನ್ನು ಸಾಯಿಸುತ್ತಿವೆ ಅಂತ ಅರ್ಥ. ಇಷ್ಟು ಚಿಕ್ಕ ಮರಿಯಲ್ಲಿ ಇರುವ ರಕ್ತವೇ ಸ್ವಲ್ಪ. ಹಾಗಿದ್ದರೆ ಇವತ್ತೇ ಅಮ್ಮನ ಜೊತೆ ಪಶುವೈದ್ಯರ ಹತ್ತಿರ ಹೋಗು. ಗುಲಾಬಿ ಇದ್ದರೂ ನಾಳೆಯೊಳಗೆ ತೋರಿಸು, ಹುಳದ ಔಷಧವೂ ಬೇಕಾಗುತ್ತದೆ.

ಪೌಡರ್, ಉಣ್ಣಿ ಶಾಂಪೂ, ದೊಡ್ಡ ನಾಯಿಯ ಹನಿ ಯಾವುದೂ ಬೇಡ. ಅಗಿಯುವ ಮಾತ್ರೆಗಳನ್ನೂ ಸಾಮಾನ್ಯವಾಗಿ ಎಂಟು ವಾರ ತುಂಬಿ, ಸುಮಾರು ಎರಡು ಕೆಜಿ ಆದ ಮೇಲೇ ಕೊಡುವುದು. ಈಗ ಟ್ವೀಜರ್‌ನಿಂದ ಒಂದೊಂದಾಗಿ ತೆಗೆಯುವುದೇ ದಾರಿ. ದೊಡ್ಡವರು ಯಾರಾದರೂ ಜೊತೆಗಿರಲಿ, ಗ್ಲೌಸ್ ಹಾಕಿಕೋ. ಒಂದೇ ಸಲ ಎಲ್ಲ ಮುಗಿಸಬೇಕು ಅಂತಿಲ್ಲ, ಮರಿ ನಡುಗಿದರೆ ನಿಲ್ಲಿಸಿ ಬೆಚ್ಚಗೆ ಮಲಗಿಸು, ಆಮೇಲೆ ಮುಂದುವರಿಸು. ಚಿಕ್ಕ ಮರಿಗಳಿಗೂ ಹಾಕಬಹುದಾದ ಫಿಪ್ರೊನಿಲ್ ಸ್ಪ್ರೇ ಇದೆ, ಅದನ್ನು ವೈದ್ಯರೇ ಅಳತೆ ನೋಡಿ ಹಾಕಲಿ.

ಮರಿ ತನ್ನ ಮೈಮೇಲಿನ ಉಣ್ಣಿಯನ್ನು ಕಚ್ಚಿ ತಿನ್ನದ ಹಾಗೆ ನೋಡಿಕೋ. ಹೆಪಟೋಜೂನ್ ಅನ್ನುವ ಒಂದು ರೋಗ ಉಣ್ಣಿ ಕಚ್ಚುವುದರಿಂದ ಬರುವುದಿಲ್ಲ, ನಾಯಿ ಉಣ್ಣಿಯನ್ನು ನುಂಗಿದರೆ ಬರುತ್ತದೆ.

ಪ್ರಶ್ನೆ: ಸೊಸೆ ಗರ್ಭಿಣಿ. ನಾಯಿಗೆ ಟಿಕ್ ಫೀವರ್ ಬಂದಿದೆ. ನಮಗೂ ಅಂಟುತ್ತದಾ? ನಾಯಿಯನ್ನು ಯಾರಿಗಾದರೂ ಕೊಟ್ಟುಬಿಡಿ ಅಂತ ಎಲ್ಲರೂ ಹೇಳುತ್ತಿದ್ದಾರೆ.

ಕೊಡಬೇಡಿ ಅಮ್ಮಾ. ಟಿಕ್ ಫೀವರ್ ಬಂದ ನಾಯಿ ನೆಕ್ಕಿದರೆ, ಪಕ್ಕ ಮಲಗಿದರೆ, ಅದರ ತಟ್ಟೆ ತೊಳೆದರೆ ಈ ರೋಗ ಮನುಷ್ಯರಿಗೆ ಬರುವುದಿಲ್ಲ. ಮಧ್ಯದಲ್ಲಿ ಉಣ್ಣಿ ಬೇಕು. ಈ ಕಂದು ಉಣ್ಣಿಗೆ ನಾಯಿಯೇ ಇಷ್ಟ, ಮನುಷ್ಯರನ್ನು ಕಚ್ಚುವುದು ಕಡಿಮೆ. ಕಚ್ಚಿದರೆ ಮಾತ್ರ ರಿಕೆಟ್ಸಿಯಾ ಅನ್ನುವ ಬ್ಯಾಕ್ಟೀರಿಯಾದಿಂದ ಬರುವ ಕೆಲವು ಬಗೆಯ ಜ್ವರಗಳನ್ನು ತರಬಲ್ಲದು. ಹಾಗಾಗಿ ಓಡಿಸಬೇಕಾದದ್ದು ಉಣ್ಣಿಯನ್ನು, ನಾಯಿಯನ್ನಲ್ಲ.

ಸೊಸೆಗೆ ಉಣ್ಣಿ ಕೀಳುವ ಕೆಲಸ ಕೊಡಬೇಡಿ. ಮನೆಗೆ ಔಷಧ ಹೊಡೆಸುವುದಿದ್ದರೆ ಅವರು ಗರ್ಭಿಣಿ ಅಂತ ಕೀಟ ನಿಯಂತ್ರಣದವರಿಗೂ ಅವರ ವೈದ್ಯರಿಗೂ ಮೊದಲೇ ತಿಳಿಸಿ, ಅವರು ಹೇಳಿದಷ್ಟು ದಿನ ಬೇರೆ ಕಡೆ ಇರಲಿ. ಮನೆಯಲ್ಲಿ ಯಾರಿಗಾದರೂ ಉಣ್ಣಿ ಕಚ್ಚಿದ ಎರಡು ಮೂರು ವಾರದೊಳಗೆ ಜ್ವರ, ತಲೆನೋವು, ಮೈಮೇಲೆ ಕೆಂಪು ದದ್ದು ಬಂದರೆ ಉಣ್ಣಿ ಕಚ್ಚಿತ್ತು ಅನ್ನುವುದನ್ನು ವೈದ್ಯರಿಗೆ ಹೇಳಲು ಮರೆಯಬೇಡಿ. ನೀವು ಹೇಳದಿದ್ದರೆ ಅವರಿಗೆ ಹೊಳೆಯುವುದು ಕಷ್ಟ.

ಪ್ರಶ್ನೆ: ರಾಸಾಯನಿಕ ಬೇಡ ಅನ್ನಿಸುತ್ತದೆ. ಊಟಕ್ಕೆ ಬೆಳ್ಳುಳ್ಳಿ ಸೇರಿಸಿ, ಮೈಗೆ ಟೀ ಟ್ರೀ ಎಣ್ಣೆ ಹಚ್ಚಿದರೆ ಉಣ್ಣಿ ಬರುವುದಿಲ್ಲವಂತೆ. ನಿಜವಾ?

ನಿಮ್ಮ ಕಾಳಜಿ ಅರ್ಥವಾಗುತ್ತದೆ, ಆದರೆ ಇವೆರಡೂ ನಾಯಿಗೆ ಅಪಾಯ. ಬೆಳ್ಳುಳ್ಳಿ, ಈರುಳ್ಳಿ ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ, ಟಿಕ್ ಫೀವರ್ ಮಾಡುವ ಕೆಲಸವನ್ನೇ ನಾವು ತಟ್ಟೆಯಲ್ಲಿ ಹಾಕಿ ಕೊಟ್ಟ ಹಾಗಾಗುತ್ತದೆ. ಟೀ ಟ್ರೀ ಎಣ್ಣೆ ಚರ್ಮದಿಂದಲೇ ಒಳಗೆ ಹೋಗಿ ನಡುಕ, ಕಾಲು ಬಲ ಹೋಗುವುದು ತರಬಲ್ಲದು. ಬೇವಿನ ಎಣ್ಣೆಗೆ ಸ್ವಲ್ಪ ಹೊತ್ತು ಉಣ್ಣಿಯನ್ನು ದೂರ ಇಡುವ ಗುಣ ಇರಬಹುದು, ತಿಂಗಳುಗಟ್ಟಲೆ ಕಾಯುವ ಶಕ್ತಿ ಇಲ್ಲ. ನಾಯಿಯ ಮೈಗೆ ಫಿನೈಲ್ ನೀರು, ಬೆಳೆಗೆ ಹೊಡೆಯುವ ಔಷಧ ಹಾಕುವವರೂ ಇದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ, ಎರಡೂ ಚರ್ಮದ ಮೂಲಕವೇ ಒಳಗಿಳಿಯುವ ವಿಷ.

ರಾಸಾಯನಿಕ ಇಲ್ಲದೆ ಮಾಡಬಹುದಾದದ್ದೂ ಬೇಕಾದಷ್ಟಿದೆ. ವಾಕಿಂಗ್ ಮುಗಿಸಿ ಬಂದ ತಕ್ಷಣ ಬಾಗಿಲಲ್ಲೇ ಬಾಚಿ, ಕಾಲ್ಬೆರಳ ಸಂದಿ ನೋಡಿ. ಅಂಗಳದ ಹುಲ್ಲನ್ನು ಗಿಡ್ಡ ಇಡಿ. ಬೇಡದ ಸಾಮಾನಿನ ರಾಶಿ ತೆಗೆಯಿರಿ. ಇವನ್ನು ಔಷಧದ ಜೊತೆಗೆ ಮಾಡಿ.

ಪ್ರಶ್ನೆ: ಚಳಿಗಾಲದಲ್ಲಿ ಉಣ್ಣಿ ಕಾಣುವುದಿಲ್ಲ. ಆಗ ಔಷಧ ನಿಲ್ಲಿಸಬಹುದಲ್ವಾ?

ಮನೆಯೊಳಗಿನ ಉಣ್ಣಿಗೆ ಚಳಿಗಾಲ ಅನ್ನುವುದು ಅಷ್ಟಾಗಿ ಇಲ್ಲ. ಚಳಿಯಲ್ಲಿ ಅದರ ಬೆಳವಣಿಗೆ ನಿಧಾನವಾಗುತ್ತದೆ, ಬೆಚ್ಚಗಿನ ಸಂದಿ ಸಿಕ್ಕರೆ ಅದೂ ಇಲ್ಲ. ವರ್ಷಪೂರ್ತಿ ಕೊಡಿ. ಮುಂದಿನ ಡೋಸ್ ಯಾವ ದಿನ ಅಂತ ಕ್ಯಾಲೆಂಡರಿನಲ್ಲಿ ಈಗಲೇ ಗುರುತು ಹಾಕಿ ಇಡಿ. ಡೋಸ್ ಒಂದೆರಡು ವಾರ ತಪ್ಪಿಹೋಗಿದ್ದರೆ ನೆನಪಾದ ದಿನವೇ ಕೊಟ್ಟು, ಮುಂದಿನದನ್ನು ಆ ದಿನದಿಂದ ಲೆಕ್ಕ ಹಾಕಿ. ಎರಡು ಮಾತ್ರೆ ಒಟ್ಟಿಗೆ ಕೊಡಬೇಡಿ. ತಪ್ಪಿಹೋದ ದಿನಗಳಲ್ಲಿ ಉಣ್ಣಿ ಕಚ್ಚಿರಬಹುದಾದ್ದರಿಂದ ಮುಂದಿನ ಮೂರು ವಾರ ಅವನ ಊಟ, ಓಡಾಟ, ಒಸಡಿನ ಬಣ್ಣದ ಮೇಲೆ ಕಣ್ಣಿಡಿ.